ಮೋವಾಬ್ ಬಂಡೆಗಳ ಮೇಲೆ ಐದು ದಿನ

ಎರಡು ವರ್ಷದ ಹಿಂದೆ ಅಮೆರಿಕದ ಯೂಟಾ ರಾಜ್ಯದ ಮೋವಾಬ್‌ಗೆ ಹೋದಾಗ ಮೊದಲ ಬೆಳಿಗ್ಗೆಯೇ ಸ್ಲಿಕ್‌ರಾಕ್ ಟ್ರೇಲ್‌ಗೆ, ಅಂದರೆ ಬರೀ ಬಂಡೆಯ ಮೇಲಿನ ಸೈಕಲ್ ದಾರಿಗೆ ಹೋಗಿದ್ದೆ. ಸೈಕಲ್ ಹತ್ತಿ ಎರಡು ಗಂಟೆಯೂ ಆಗಿರಲಿಲ್ಲ. ಒಂದು ಇಳಿಜಾರಿನ ಬುಡದಲ್ಲಿ ಹ್ಯಾಂಡಲ್ ಮೇಲಿಂದ ಮುಂದಕ್ಕೆ ಹಾರಿ ಬಿದ್ದೆ. ಎಡಗೈ ಮಣಿಕಟ್ಟು ಮುರಿಯಿತು, ಆರು ವಾರ ಪ್ಲಾಸ್ಟರ್. ಅಷ್ಟು ಕಡಿದಾದ ಕಲ್ಲಿನ ಮೇಲೆ ಸೈಕಲ್ ಯಾಕೆ ಹೊಡೆಯಬೇಕು ಅಂತ ಎಲ್ಲರೂ ಕೇಳಿದರು. ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಅದಕ್ಕಿಂತ ಕಡಿದಾದ ಇಳಿಜಾರುಗಳನ್ನು ಅದೇ ಬೆಳಿಗ್ಗೆ ಸಲೀಸಾಗಿ ಇಳಿದಿದ್ದೆ. ಹಾಗಿದ್ದರೆ ಅಲ್ಲೇ ಯಾಕೆ ಬಿದ್ದೆ?

ಈ ಅಕ್ಟೋಬರ್‌ನಲ್ಲಿ ತಮ್ಮ ಬೆಂಗಳೂರಿನಿಂದ ಬರುತ್ತೇನೆ ಅಂದಾಗ ಆ ಪ್ರಶ್ನೆ ಮತ್ತೆ ಎದ್ದಿತು. ಅವನು ವಾರಕ್ಕೊಮ್ಮೆಯಾದರೂ ತುರಹಳ್ಳಿ ಕಾಡಿಗೆ ಸೈಕಲ್ ತಗೊಂಡು ಹೋಗುವವನು. ನನಗಿಂತ ಒಂಬತ್ತು ವರ್ಷ ಚಿಕ್ಕವನು, ಏರು ಹತ್ತುವುದರಲ್ಲಿ ನನಗಿಂತ ಎಷ್ಟೋ ಗಟ್ಟಿ. ಫೋನಿನಲ್ಲಿ ಅಂದ, "ಅಕ್ಕಾ, ನೀ ಬಿದ್ದ ಜಾಗಾ ನನಗ ತೋರಸು."

ಹೊರಡುವ ಮುಂಚೆ

ನಾನಿರುವುದು ಸಾಲ್ಟ್ ಲೇಕ್ ಸಿಟಿಯಲ್ಲಿ. ಅಲ್ಲಿಂದ ಮೋವಾಬ್‌ಗೆ ಸುಮಾರು 375 ಕಿ.ಮೀ., ಕಾರಿನಲ್ಲಿ ನಾಲ್ಕು ಗಂಟೆ. ಯಾವಾಗ ಹೋಗಬೇಕು ಅನ್ನುವುದಕ್ಕೆ ಜಾಸ್ತಿ ಯೋಚನೆ ಬೇಕಿರಲಿಲ್ಲ. ಬೇಸಿಗೆಯಲ್ಲಿ ಅಲ್ಲಿ 38 ಡಿಗ್ರಿ ದಾಟುತ್ತದೆ, ಬಂಡೆ ಹೆಂಚಿನಂತೆ ಕಾಯುತ್ತದೆ. ಚಳಿಗಾಲದಲ್ಲಿ ನೆರಳಿನ ಕಡೆ ಹಿಮ ಕರಗುವುದಿಲ್ಲ. ಮಾರ್ಚ್‌ನಿಂದ ಮೇ, ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಶುರುವಿನವರೆಗೆ ಚೆನ್ನ. ಅಕ್ಟೋಬರ್ ಮಧ್ಯದಲ್ಲಿ ಮಧ್ಯಾಹ್ನ 22, 23 ಡಿಗ್ರಿ, ರಾತ್ರಿ ಸ್ವೆಟರ್ ಬೇಕಾಗುವಷ್ಟು ಚಳಿ. ಒಂದೇ ತೊಂದರೆ, ಹಗಲು ಚಿಕ್ಕದು. ಆರೂವರೆ ಸುಮಾರಿಗೆ ಕತ್ತಲು ಶುರು.

ಹೆಚ್ಚು ಹೊತ್ತು ಕೂತಿದ್ದು ಟ್ರೇಲ್‌ಗಳ ಕ್ರಮಕ್ಕೆ. ಹೋದ ಸಲದ ಹಾಳೆಯನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಅದರಲ್ಲಿ ಹೆಸರುವಾಸಿ ಟ್ರೇಲ್ ಮೊದಲು, ಉಳಿದವು ಆಮೇಲೆ. ಈ ಸಲ ತಿರುಗಿಸಿ ಬರೆದೆ. ಮೊದಲ ದಿನ ಕಲ್ಲಿನ ಹಿಡಿತ ಕಲಿಯುವುದು. ಎರಡನೇ ದಿನ ಕಡಿದಾದ ಕಲ್ಲು. ಮೂರನೇ ದಿನ ಕೈ, ಭುಜಗಳಿಗೆ ವಿಶ್ರಾಂತಿ. ನಾಲ್ಕನೇ ದಿನ ಮೆಟ್ಟಿಲು ಮೆಟ್ಟಿಲಾದ ಕಲ್ಲು. ಐದನೇ ದಿನ ಇವೆಲ್ಲವೂ ಒಟ್ಟಿಗೆ ಬರುವ ಉದ್ದದ ದಾರಿ. ಪ್ರತಿ ದಿನದ ಪಕ್ಕದಲ್ಲಿ ಒಂದು ಗಂಟೆ ಬರೆದೆ. ಅದು ತಿರುಗುವ ಹೊತ್ತು. ಆ ಗಂಟೆಗೆ ಎಲ್ಲಿದ್ದರೂ, ಎಷ್ಟೇ ಹುರುಪಿದ್ದರೂ, ಹತ್ತಿರದ ದಾರಿ ಹಿಡಿದು ವಾಪಸ್.

ತಮ್ಮನಿಗೆ ಸೈಕಲ್ ಬಾಡಿಗೆಗೆ ತಗೊಂಡೆವು. ಹಿಂದೆ ಮುಂದೆ ಎರಡೂ ಕಡೆ 150 ಮಿ.ಮೀ. ಸಸ್ಪೆನ್ಷನ್ ಇರುವುದು. ಸೀಟನ್ನು ಬೆರಳಲ್ಲಿ ಒತ್ತಿ ಕೆಳಗಿಳಿಸುವ ಡ್ರಾಪರ್ ಪೋಸ್ಟ್ ಇಲ್ಲದ ಸೈಕಲ್ ಈ ಕಲ್ಲಿಗೆ ಬೇಡವೇ ಬೇಡ. ಟೈರ್ 2.4 ಇಂಚಿಗಿಂತ ಕಡಿಮೆ ಬೇಡ. ಒಬ್ಬೊಬ್ಬರಿಗೆ ಮೂರು ಲೀಟರ್ ನೀರು ಹಿಡಿಯುವ ಬ್ಯಾಗ್, ಮೊಣಕಾಲಿಗೆ ಪ್ಯಾಡ್, ಪೂರ್ತಿ ಬೆರಳಿನ ಗ್ಲೌಸ್.

ಊರಿಂದ ಬರುವವರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ವಿಸಿಟರ್ ಇನ್ಶೂರೆನ್ಸ್ ಮಾಡಿಸುವಾಗ ಮೌಂಟನ್ ಬೈಕಿಂಗ್ ಅದರೊಳಗೆ ಬರುತ್ತದೆಯೇ ಅಂತ ಓದಿ ನೋಡಿ. ಎಷ್ಟೋ ಪಾಲಿಸಿಗಳಲ್ಲಿ ಬರುವುದಿಲ್ಲ. ನನ್ನ ಮುರಿದ ಮಣಿಕಟ್ಟಿನ ಬಿಲ್ಲನ್ನು ನೋಡಿದವಳು ನಾನು. ತಮ್ಮನಿಗೆ ಬೇರೆ ಪಾಲಿಸಿ ಮಾಡಿಸಿದೆ. ಜೊತೆಗೆ ಯೂಟಾ ರಾಜ್ಯದ ರೆಸ್ಕ್ಯೂ ಅಸಿಸ್ಟೆನ್ಸ್ ಕಾರ್ಡನ್ನೂ ಇಬ್ಬರ ಹೆಸರಲ್ಲಿ ತಗೊಂಡೆ. ಶುಲ್ಕ ಸಣ್ಣದು, ಅದು ರೆಸ್ಕ್ಯೂ ತಂಡದ ಖರ್ಚಿಗೆ ಹೋಗುತ್ತದೆ. ಮೋವಾಬ್ ಇರುವ ಗ್ರ್ಯಾಂಡ್ ಕೌಂಟಿಯ ತಂಡಕ್ಕೆ ಯೂಟಾದಲ್ಲೇ ಅತಿ ಹೆಚ್ಚು ಕರೆಗಳು ಬರುವ ತಂಡಗಳಲ್ಲಿ ಒಂದು ಅಂತ ಹೆಸರಿದೆ. ಅದರಲ್ಲಿ ಒಂದು ಕರೆ ನನ್ನದಾಗಿತ್ತು.

ತಿಂಡಿಯ ಭಾರ ಅಮ್ಮನದು. ತಮ್ಮನ ಸೂಟ್‌ಕೇಸಿನಲ್ಲಿ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಎರಡು ಡಬ್ಬಿ ಅಂಟಿನುಂಡಿ ಬಂದವು.

ಮೊದಲ ದಿನ: ಹಿಡಿತ

ಬೆಳಿಗ್ಗೆ ಐದಕ್ಕೆ ಹೊರಟೆವು. ಸೋಲ್ಜರ್ ಸಮಿಟ್ ದಾಟಿ, ಪ್ರೈಸ್ ದಾಟಿ, ಗ್ರೀನ್ ರಿವರ್‌ನಲ್ಲಿ ಚಹಾ ಕುಡಿದು, 191ನೇ ಹೆದ್ದಾರಿಗೆ ಇಳಿದಾಗ ಎರಡೂ ಕಡೆ ಕೆಂಪು ಗೋಡೆಗಳು ಶುರುವಾದವು. ತಮ್ಮ ಕಿಟಕಿ ಇಳಿಸಿದ. "ಅಕ್ಕಾ, ಇದು ನಮ್ಮೂರ ಗುಡ್ಡದಂಗ ಐತೆಲ್ಲಾ!"

ನಾವು ಬಾದಾಮಿಯವರು. ಅಗಸ್ತ್ಯತೀರ್ಥದ ಸುತ್ತಲಿನ ಕೆಂಪು ಬಂಡೆಗಳ ಮೇಲೆ ಓಡಾಡಿ ಬೆಳೆದವರು. ಸಂಜೆ ಮನೆಗೆ ಬಂದರೆ ಮೊಣಕಾಲಿನವರೆಗೆ ಕೆಂಪು ಧೂಳು. ಕಾಲು ತೊಳೆಯದೆ ಅಮ್ಮ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಚಾಲುಕ್ಯರು ಆರನೇ ಶತಮಾನದಲ್ಲಿ ಗುಹೆ ಕೊರೆದದ್ದು ಆ ಮರಳುಗಲ್ಲಿನಲ್ಲಿ. ಇಲ್ಲಿಯದೂ ಮರಳುಗಲ್ಲೇ. ವಯಸ್ಸಿನಲ್ಲಿ ಬಾದಾಮಿಯ ಕಲ್ಲು ಇದಕ್ಕಿಂತ ಎಷ್ಟೋ ಹಿರಿಯದು.

ಊರು ಸೇರುವ ಮುಂಚೆ, ಕೊಲರಾಡೊ ನದಿಯ ಪಕ್ಕದಲ್ಲಿ ದೊಡ್ಡ ಮಣ್ಣಿನ ಕೆಲಸ ನಡೆಯುತ್ತಿರುವ ಜಾಗ ಕಾಣುತ್ತದೆ. ಹಳೆಯ ಯುರೇನಿಯಂ ಕಾರ್ಖಾನೆಯ ಕಸದ ಗುಡ್ಡೆ ಅಲ್ಲಿತ್ತು, ಸುಮಾರು 1.6 ಕೋಟಿ ಟನ್. 2009ರಿಂದ ಅದನ್ನು ರೈಲಿನಲ್ಲಿ ತುಂಬಿ, ನದಿಯಿಂದ ದೂರ ಸಾಗಿಸುವ ಕೆಲಸ ನಡೆದಿದೆ. 1952ರಲ್ಲಿ ಚಾರ್ಲಿ ಸ್ಟೀನ್ ಎಂಬುವರಿಗೆ ಯುರೇನಿಯಂ ಸಿಕ್ಕಿದ ಮೇಲೆ ಈ ಊರು ಗಣಿಯನ್ನೇ ನಂಬಿ ಬೆಳೆಯಿತು. ಎಂಬತ್ತರ ದಶಕದಲ್ಲಿ ಗಣಿ ಉದ್ಯಮ ಕುಸಿಯಿತು, ಮನೆಗಳು ಖಾಲಿಯಾದವು. ಕೆಲಸ ಕಳೆದುಕೊಂಡ ಇಬ್ಬರು ಅಣ್ಣತಮ್ಮಂದಿರು 1983ರಲ್ಲಿ ರಿಮ್ ಸೈಕ್ಲರಿ ಅಂತ ಸೈಕಲ್ ಅಂಗಡಿ ತೆರೆದರು. ಊರು ಈವತ್ತು ಬದುಕುತ್ತಿರುವ ದಾರಿಗೆ ಅದೊಂದು ಮೊದಲ ಹೆಜ್ಜೆ. ಗಣಿ ಮುಚ್ಚಿದ ಮೇಲೆ ಊರಿಗೆ ಉಳಿದಿದ್ದೇ ಕಲ್ಲು. ಅದೇ ಕಲ್ಲು ಅವರ ಕೈ ಹಿಡಿಯಿತು ಅನ್ನುವುದು ನನಗೆ ಬಹಳ ಹಿಡಿಸುತ್ತದೆ.

ಮಧ್ಯಾಹ್ನ ಊರಿನ ಉತ್ತರಕ್ಕಿರುವ ಮೋವಾಬ್ ಬ್ರ್ಯಾಂಡ್ಸ್ ಟ್ರೇಲ್‌ಗಳಿಗೆ ಹೋದೆವು. ಇಲ್ಲಿನ ಹೆಸರುಗಳೆಲ್ಲ ದನಗಳಿಗೆ ಹಾಕುತ್ತಿದ್ದ ಬರೆಗಳ ಗುರುತಿನಂತೆ ಇವೆ: ಬಾರ್ ಎಂ, ಸರ್ಕಲ್ ಓ, ರಾಕಿನ್ ಎ. ಇಳಿಜಾರು ಹೆದರಿಸುವಂಥದ್ದಲ್ಲ, ಆದರೆ ಸರ್ಕಲ್ ಓದಲ್ಲಿ ಬರೀ ಬಂಡೆಯ ಮೇಲೆ ಓಡಿಸಲು ಸಿಗುತ್ತದೆ.

ತುರಹಳ್ಳಿಯ ಗ್ರಾನೈಟಿನ ಅಭ್ಯಾಸ ತಮ್ಮನಿಗೆ. ಅಲ್ಲಿ ನಯವಾದ ಕಲ್ಲಿನ ಮೇಲೆ ಒಂದಿಷ್ಟು ಮಣ್ಣಿದ್ದರೂ ಟೈರ್ ಜಾರುತ್ತದೆ. ಹಾಗಾಗಿ ಪ್ರತಿ ಓರೆ ಕಲ್ಲಿಗೂ ಅವನ ಮೈ ಬಿಗಿಯಾಗುತ್ತಿತ್ತು. ಸೈಕಲ್ ಇಳಿದು ಅಂಗೈ ಇಟ್ಟು ನೋಡು ಅಂದೆ. ಉಪ್ಪುಕಾಗದದಂತೆ ತರಿತರಿ. ಮರಳಿನ ಕಾಳುಗಳು ಒಂದಕ್ಕೊಂದು ಅಂಟಿ ಆದ ಕಲ್ಲು, ರಬ್ಬರ್ ಆ ಕಾಳುಗಳ ನಡುವೆ ಒತ್ತಿಕೊಳ್ಳುತ್ತದೆ. ಸ್ಲಿಕ್‌ರಾಕ್, ಅಂದರೆ ಜಾರುವ ಕಲ್ಲು ಅನ್ನುವ ಹೆಸರು ಬಂದಿದ್ದು ಕುದುರೆಗಳಿಂದ. ಹಳೆಯ ವಲಸಿಗರ ಕುದುರೆಗಳ ಕಬ್ಬಿಣದ ಲಾಳ ಇದರ ಮೇಲೆ ಜಾರುತ್ತಿತ್ತು. ರಬ್ಬರ್ ಹಾಗೆ ಜಾರುವುದಿಲ್ಲ.

ಅವನ ಟೈರಿನ ಗಾಳಿ 30 ಪಿಎಸ್‌ಐ ಇತ್ತು. ಮುಂದೆ 22ಕ್ಕೆ, ಹಿಂದೆ 25ಕ್ಕೆ ಇಳಿಸಿದೆವು. ಮತ್ತೆ ಅದೇ ಓರೆ ಕಲ್ಲು. ಈ ಸಲ ಅವನು ಮಧ್ಯದಲ್ಲಿ ನಿಂತೇಬಿಟ್ಟ, ಸೈಕಲ್ ಮೇಲೇ. ಅಂಟಿಕೊಂಡಂತೆ ನಿಂತಿತ್ತು. ಅವನ ಮುಖ ನೋಡಬೇಕಿತ್ತು. ಆ ಒಂದು ಕ್ಷಣಕ್ಕೇ ಮೊದಲ ದಿನವನ್ನು ಹೀಗೆ ಇಟ್ಟಿದ್ದು.

ಎರಡನೇ ದಿನ: ನಾನು ಬಿದ್ದ ಜಾಗ

ಸ್ಯಾಂಡ್ ಫ್ಲ್ಯಾಟ್ಸ್ ರಸ್ತೆಯಲ್ಲಿ ಊರಿಂದ ಐದು ಕಿ.ಮೀ. ಹತ್ತಿದರೆ ಸ್ಲಿಕ್‌ರಾಕ್ ಟ್ರೇಲ್. ಪ್ರವೇಶ ಶುಲ್ಕ ಕಟ್ಟಿ ಏಳೂವರೆಗೆ ಒಳಗೆ ಹೋದೆವು. ಪೂರ್ತಿ ಸುತ್ತು ಸುಮಾರು 17 ಕಿ.ಮೀ. ಅಷ್ಟೇನಾ ಅನಿಸಬಹುದು. ಆದರೆ ಇದರಲ್ಲಿ ಸಮತಟ್ಟು ಅನ್ನುವುದೇ ಇಲ್ಲ. ಕಡಿದಾದ ಏರು, ತಕ್ಷಣ ಕಡಿದಾದ ಇಳಿಜಾರು, ಮತ್ತೆ ಏರು. ಮೂರು ನಾಲ್ಕು ಗಂಟೆ ಹಿಡಿಯುತ್ತದೆ. ದಾರಿಯಲ್ಲಿ ಒಂದು ಹನಿ ನೀರು ಸಿಗುವುದಿಲ್ಲ, ನೆರಳೂ ಇಲ್ಲ.

1969ರಲ್ಲಿ ಡಿಕ್ ವಿಲ್ಸನ್ ಎಂಬುವರು ಈ ದಾರಿಯನ್ನು ಗುರುತಿಸಿದ್ದು ಮೋಟರ್‌ಸೈಕಲ್‌ಗಳಿಗಾಗಿ. ಪೆಡಲ್ ಸೈಕಲ್‌ನವರು ಬಂದಿದ್ದು ಆಮೇಲೆ. ಬರೀ ಬಂಡೆ, ಕಾಲುದಾರಿ ಮೂಡುವುದಿಲ್ಲ. ಅದಕ್ಕೇ ಕಲ್ಲಿನ ಮೇಲೆ ಬಿಳಿ ಬಣ್ಣದ ಗೆರೆಗಳು. ಆ ಗೆರೆಗಳನ್ನು ಬಿಡಬಾರದು. ಆಚೆ ಎಲ್ಲ ಒಂದೇ ಥರ ಕಾಣುತ್ತದೆ, ಒಂದು ಗುಂಡುಬಂಡೆ ದಾಟಿದರೆ ಮುಂದೆ ನೂರಾರು ಅಡಿ ಪ್ರಪಾತ ಇರಬಹುದು. ಹಿಂದಿನವರ ಟೈರಿನ ಕಪ್ಪು ಗೀರುಗಳೂ ದಾರಿ ಹೇಳುತ್ತವೆ, ಎಲ್ಲಿ ಹತ್ತಿದರು, ಎಲ್ಲಿ ಬ್ರೇಕ್ ಹಿಡಿದರು ಅಂತ.

ಮೊದಲು ಪ್ರ್ಯಾಕ್ಟೀಸ್ ಲೂಪ್. ಮೂರು ಕಿ.ಮೀ. ಸುತ್ತು, ಆದರೆ ಇದರಲ್ಲೂ ಇಳಿಜಾರು ಅಷ್ಟೇ ಕಡಿದು. ಏರಿನಲ್ಲಿ ಮುಂದೆ ಬಾಗಬೇಕು, ಮೂಗು ಹ್ಯಾಂಡಲ್ ಹತ್ತಿರ ಬರುವಷ್ಟು. ಇಲ್ಲದಿದ್ದರೆ ಮುಂದಿನ ಚಕ್ರ ಎದ್ದುಬಿಡುತ್ತದೆ. ಹಾಗಂತ ಸೀಟು ಪೂರ್ತಿ ಬಿಟ್ಟು ಎದ್ದರೆ ಹಿಂದಿನ ಚಕ್ರ ಹಿಡಿತ ಬಿಡುತ್ತದೆ. ಸೀಟಿನ ತುದಿಯಲ್ಲಿ ಕೂತು, ಒಂದೇ ಸಮನೆ ತುಳಿಯುತ್ತಾ ಹೋಗಬೇಕು. ತಮ್ಮ ಮೂರನೇ ಸಲಕ್ಕೆ ಕಲಿತ. ಆಮೇಲೆ ನನ್ನನ್ನು ಕಾಯುತ್ತಾ ಪ್ರತಿ ದಿಬ್ಬದ ಮೇಲೆ ನಿಂತಿರುತ್ತಿದ್ದ.

ಹತ್ತೂವರೆ ಹೊತ್ತಿಗೆ ಆ ಜಾಗ ಬಂತು. ಒಂದು ಬಾಗಿದ ಜುನಿಪರ್ ಮರ, ಪಕ್ಕದಲ್ಲಿ ಉದ್ದದ ಬಿರುಕು. ನನ್ನ ಬಾಯಿ ಒಣಗಿತು. ಸೈಕಲ್ ಮಲಗಿಸಿದೆ.

"ಇಲ್ಲೇನಕ್ಕಾ? ನಿನ್ನೆಕ್ಕಿಂತ ಭಾಳ ಇಳಿಜಾರೇನೂ ಇಲ್ಲಲ್ಲ."

"ಅದಕ್ಕ ನಡದು ನೋಡೂಣು ಬಾ."

ಇಬ್ಬರೂ ಕಾಲ್ನಡಿಗೆಯಲ್ಲಿ ಇಳಿದೆವು. ಇಳಿಜಾರು ಹದಿನೈದು ಹೆಜ್ಜೆ. ಕಲ್ಲು ಒಣಗಿತ್ತು, ಹಿಡಿತ ಚೆನ್ನಾಗಿತ್ತು. ಬುಡದಲ್ಲಿ ಕಲ್ಲು ಥಟ್ಟನೆ ಸಮತಟ್ಟಾಗುತ್ತದೆ, ಅಲ್ಲೇ ಬಾಣಲೆಯಂಥ ಒಂದು ತಗ್ಗು, ಅದರ ತುಂಬ ಸಡಿಲ ಮರಳು. ತಮ್ಮ ಕಾಲಿಟ್ಟ, ಪಾದ ಮುಳುಗಿತು. ಆಗ ನನಗೆ ಹೊಳೆಯಿತು. ನಾನು ಮೇಲಿನ ಇಡೀ ಇಳಿಜಾರಿನಲ್ಲಿ ಬ್ರೇಕ್ ಮುಟ್ಟಿರಲಿಲ್ಲ. ವೇಗ ಹೆಚ್ಚಾಗಿ, ಬುಡ ಬಂದಾಗ ಗಾಬರಿಯಾಗಿ ಮುಂದಿನ ಬ್ರೇಕ್ ಒತ್ತಿದೆ. ಅದೇ ಕ್ಷಣಕ್ಕೆ ಸಸ್ಪೆನ್ಷನ್ ಕುಸಿಯಿತು, ಚಕ್ರ ಮರಳಿಗೆ ಹೂತಿತು. ಸೈಕಲ್ ನಿಂತಿತು, ನಾನು ನಿಲ್ಲಲಿಲ್ಲ. ಕಡಿದಾದ ಜಾಗದಲ್ಲಿ ಹೆದರಿ, ಅದು ಮುಗಿಯಿತು ಅಂದುಕೊಂಡ ಜಾಗದಲ್ಲಿ ಬಿದ್ದಿದ್ದೆ.

ಬ್ರೇಕ್ ಹಾಕಬೇಕಾದದ್ದು ಮೇಲೆ, ಹಿಡಿತ ಇರುವ ಕಲ್ಲಿನ ಮೇಲೆ, ಎರಡೂ ಬ್ರೇಕ್ ಸಮನಾಗಿ, ಒಂದೊಂದೇ ಬೆರಳಲ್ಲಿ. ಬುಡ ಬರುವ ಹೊತ್ತಿಗೆ ಬೆರಳು ಬಿಟ್ಟಿರಬೇಕು. ಮರಳಲ್ಲಿ ಮೈಯನ್ನು ಸ್ವಲ್ಪ ಹಿಂದಕ್ಕೆ ತಂದು, ಚಕ್ರವನ್ನು ನೇರ ಇಟ್ಟು, ತುಳಿಯುತ್ತಲೇ ದಾಟಬೇಕು.

ಸೈಕಲನ್ನು ಮೇಲಕ್ಕೆ ತಂದೆ. ತಮ್ಮ ಕೆಳಗೆ ಮರಳಿನ ಪಕ್ಕ ನಿಂತ. "ಬ್ರೇಕ್ ಬಿಡು ಅಂತ ನಾ ಒದರತೀನಿ, ಅಲ್ಲೀತನ ನಿಧಾನಕ್ಕ ಬಾ" ಅಂದ. ಸೀಟು ಇಳಿಸಿದೆ, ಸೊಂಟ ಹಿಂದಕ್ಕೆ. ಅವನು ಕೂಗಿದ. ಬೆರಳು ಬಿಟ್ಟೆ. ಮರಳು ಚರ್ ಅಂತ ಸದ್ದು ಮಾಡಿತು, ಅಷ್ಟೇ. ಆಚೆ ಕಡೆ ಕಲ್ಲು ಹತ್ತಿ ನಿಂತು ಎಡಗೈ ಮಣಿಕಟ್ಟು ನೋಡಿಕೊಂಡೆ. ಕಣ್ಣಲ್ಲಿ ನೀರು ಬಂತು. ತಮ್ಮ ಏನೂ ಹೇಳದೆ ಅಂಟಿನುಂಡಿ ಡಬ್ಬಿ ತೆಗೆದ.

ಉಳಿದ ಸುತ್ತಿನಲ್ಲಿ ಎರಡು ಕಡೆ ನಾನು ನಡೆದೇ ಇಳಿದೆ. ಕೊಲರಾಡೊ ನದಿ ಆಳದಲ್ಲಿ ಹಸಿರು ದಾರದಂತೆ ಕಾಣುವ ಕಡೆ ಹತ್ತು ನಿಮಿಷ ಕೂತೆವು. ಕಲ್ಲಿನಲ್ಲಿ ಓರೆ ಓರೆ ಪದರಗಳಿವೆ, ಗಾಳಿ ಗುಡ್ಡೆ ಹಾಕಿದ ಮರಳಿನ ಗೆರೆಗಳು ಅವು. ಇದು ನವಾಹೊ ಮರಳುಗಲ್ಲು. ಸುಮಾರು 19 ಕೋಟಿ ವರ್ಷದ ಹಿಂದೆ ಇಲ್ಲಿ ಸಹಾರಾದಂಥ ಮರಳುಗಾಡು ಇತ್ತು, ಆ ದಿಬ್ಬಗಳೇ ಕಲ್ಲಾದವು. ನಾವು ಬೆಳಿಗ್ಗೆಯಿಂದ ಹತ್ತಿ ಇಳಿದಿದ್ದು ಒಂದು ಕಾಲದ ಮರಳುಗಾಡಿನ ಮೇಲೆ. 2020ರಲ್ಲಿ ಈ ಟ್ರೇಲ್ ಇರುವ ಜಾಗವನ್ನೂ ತೈಲ ಮತ್ತು ಅನಿಲಕ್ಕೆ ಗುತ್ತಿಗೆ ಕೊಡುವ ಪಟ್ಟಿಗೆ ಸೇರಿಸಿದ್ದರು. ಜನ ವಿರೋಧಿಸಿದ ಮೇಲೆ ಕೈಬಿಟ್ಟರು. ಅಲ್ಲಿ ಕೂತು ಅದನ್ನು ನೆನೆದರೆ ಎದೆ ಝಲ್ಲೆನ್ನುತ್ತದೆ.

ಮೂರನೇ ದಿನ

ವಿಶ್ರಾಂತಿ. ಬೆಳಿಗ್ಗೆ ಲೇಟಾಗಿ ಎದ್ದೆವು. ಬ್ರೇಕ್ ಹಿಡಿದು ಹಿಡಿದು ಬೆರಳು ಮಡಚಲು ಆಗುತ್ತಿರಲಿಲ್ಲ. ಡೆಡ್ ಹಾರ್ಸ್ ಪಾಯಿಂಟ್‌ಗೆ ಹೋಗಿ, 2,000 ಅಡಿ ಕೆಳಗೆ ನದಿ ಸುತ್ತಿಕೊಂಡು ಹರಿಯುವುದನ್ನು ನೋಡಿದೆವು. ಸಂಜೆ ಬ್ರೇಕ್ ಪ್ಯಾಡ್, ಟೈರ್, ನಟ್ಟು ಬೋಲ್ಟು ಎಲ್ಲ ಪರೀಕ್ಷೆ.

ನಾಲ್ಕನೇ ದಿನ: ಮೆಟ್ಟಿಲು

ಕೇನ್ ಕ್ರೀಕ್ ರಸ್ತೆಯಿಂದ ಹೈಮಾಸಾ ಎಂಬ ದಾರಿಯಲ್ಲಿ ಹತ್ತಿ, ಕ್ಯಾಪ್ಟನ್ ಏಹ್ಯಾಬ್ ಟ್ರೇಲ್‌ನಲ್ಲಿ ಇಳಿಯುವುದು. ಏಹ್ಯಾಬ್ ಒನ್‌ವೇ, ಮೇಲಿಂದ ಕೆಳಕ್ಕೆ ಮಾತ್ರ. ಸ್ಲಿಕ್‌ರಾಕ್ ಒಂದು ದೊಡ್ಡ ಅಲೆಯಾದರೆ ಇದು ಒಡೆದ ಮೆಟ್ಟಿಲು. ಮೊಣಕಾಲೆತ್ತರದ ಕಲ್ಲುಗಳು ಒಂದರ ಹಿಂದೆ ಒಂದು, ಕೆಲವು ಕಡೆ ಬಲಗಡೆ ಪೂರ್ತಿ ಖಾಲಿ.

ಇಲ್ಲಿ ನಮ್ಮ ನಿಯಮ ಒಂದೇ: ಕೊನೆ ಕಾಣದ ಯಾವ ಇಳಿಜಾರನ್ನೂ ನೋಡದೆ ಇಳಿಯಬಾರದು. ನಿಲ್ಲು, ನಡೆದು ನೋಡು, ಎಲ್ಲಿ ಚಕ್ರ ಇಡಬೇಕು ಅಂತ ಬೆರಳು ತೋರಿಸಿ ಹೇಳು, ಆಮೇಲೆ ಇಳಿ. ಸಮಯ ಹಿಡಿಯುತ್ತದೆ. ನಮ್ಮ ಹಿಂದೆ ಬಂದವರು ಹತ್ತಾರು ಜನ ಮುಂದೆ ಹೋದರು. ಹೋಗಲಿ ಅಂತ ಪಕ್ಕಕ್ಕೆ ನಿಂತೆವು.

ಹಾಗೆ ಪಕ್ಕಕ್ಕೆ ನಿಲ್ಲುವಾಗ ತಮ್ಮ ಸೈಕಲನ್ನು ಮಣ್ಣಿನ ಕಡೆ ತಿರುಗಿಸಿದ. ತೋಳು ಹಿಡಿದು ಎಳೆದೆ. ಅದು ಬರೀ ಮಣ್ಣಲ್ಲ. ಮೇಲೆ ಕಪ್ಪಗೆ, ಗುಬುಟು ಗುಬುಟಾಗಿ ಕಾಣುತ್ತದಲ್ಲ, ಅದು ಜೀವ ಇರುವ ಪದರ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು, ಪಾಚಿ, ಕಲ್ಲುಹೂವು ಸೇರಿ ಮರಳನ್ನು ಹೆಣೆದು ಹಿಡಿದಿರುತ್ತವೆ. ಗಾಳಿಗೆ ಮಣ್ಣು ಹಾರದಂತೆ, ಬಿದ್ದ ಮಳೆ ಉಳಿಯುವಂತೆ ಮಾಡುವುದು ಅದು. ಒಂದು ಟೈರಿನ ಗುರುತು ಮಾಯಲು ಹತ್ತಾರು ವರ್ಷ ಬೇಕು. ಇಲ್ಲಿ ನಿಲ್ಲುವುದಿದ್ದರೆ ಕಲ್ಲಿನ ಮೇಲೆ ನಿಲ್ಲಬೇಕು, ಇಲ್ಲವೇ ದಾರಿಯಲ್ಲೇ. ತಮ್ಮ ಕೂತು ಹತ್ತಿರದಿಂದ ನೋಡಿದ. ಆಮೇಲೆ ಇಡೀ ದಿನ ಅವನೇ ನನಗೆ "ಅಕ್ಕಾ, ಕಾಲು" ಅಂತ ಎಚ್ಚರಿಸುತ್ತಿದ್ದ.

ಐದನೇ ದಿನ: ಪಾರ್ಕುಪೈನ್ ರಿಮ್

ನನ್ನ ಹಾಳೆಯಲ್ಲಿ ಇದ್ದದ್ದು ಹೋಲ್ ಎಂಚಿಲಾಡಾ. ಲಾ ಸಾಲ್ ಬೆಟ್ಟಗಳ 11,200 ಅಡಿ ಎತ್ತರದ ಬರ್ರೊ ಪಾಸ್‌ನಿಂದ ಶುರುವಾಗಿ, ಕಾಡು, ಹುಲ್ಲುಗಾವಲು ದಾಟಿ, 4,000 ಅಡಿಯಲ್ಲಿರುವ ಕೊಲರಾಡೊ ನದಿಯವರೆಗೆ ಇಳಿಯುವ ದಾರಿ. ಆದರೆ ಹಿಂದಿನ ವಾರವೇ ಮೇಲೆ ಹಿಮ ಬಿದ್ದಿತ್ತು. ಅಕ್ಟೋಬರ್‌ನಲ್ಲಿ ಇದು ಆಗುವಂಥದ್ದೇ, ಅದಕ್ಕೇ ಹಾಳೆಯಲ್ಲಿ ಎರಡನೇ ಸಾಲೂ ಬರೆದಿದ್ದೆ. ಶಟಲ್ ವ್ಯಾನ್ ನಮ್ಮನ್ನು ಕೆಳಗೆ, ಅಪ್ಪರ್ ಪಾರ್ಕುಪೈನ್ ಶುರುವಾಗುವ ಕಡೆ ಇಳಿಸಿತು. ಅಲ್ಲಿಂದ ನದಿಗೆ ಸುಮಾರು 25 ಕಿ.ಮೀ.

ದಾರಿ ಕಣಿವೆಯ ಅಂಚಿಗೇ ಅಂಟಿಕೊಂಡು ಹೋಗುತ್ತದೆ. ಒಂದು ಕಡೆ ಕ್ಯಾಸಲ್ ವ್ಯಾಲಿ ಪೂರ್ತಿ ತೆರೆದುಕೊಳ್ಳುತ್ತದೆ, ಅದರ ಆಚೆ ಅಂಚಿನಲ್ಲಿ ಕ್ಯಾಸಲ್ಟನ್ ಟವರ್ ಎಂಬ ಬಂಡೆ ಒಂಟಿ ಕಂಬದಂತೆ ನಿಂತಿದೆ. ಅಂಚಿನಲ್ಲಿ ಕೂತು ರೊಟ್ಟಿ ಮುರಿದು ಚಟ್ನಿಪುಡಿ ಹಚ್ಚಿ ತಿಂದೆವು. ಹಿಂದೆ ಲಾ ಸಾಲ್ ಬೆಟ್ಟಗಳ ಮೇಲೆ ಬಿಳಿ ಹಿಮ, ಕೆಳಗೆ ಕೆಂಪು ಕಣಿವೆ.

ಒಂದು ಗಂಟೆ ಸುಮಾರಿಗೆ ತಮ್ಮನ ಹಿಂದಿನ ಟೈರ್ ಬುಸ್ಸೆಂದಿತು. ಚೂಪುಗಲ್ಲಿಗೆ ಟೈರಿನ ಪಕ್ಕದ ಗೋಡೆ ಕೊಯ್ದಿತ್ತು, ಬೆರಳಿನ ಉಗುರಿನಷ್ಟು ಉದ್ದ. ಟ್ಯೂಬ್ ಇಲ್ಲದ ಟೈರ್ ಅದು, ತೂತು ಮುಚ್ಚಲು ಒಳಗಿರುವ ಅಂಟುದ್ರವ ಚಿಮ್ಮಿತು, ನಿಲ್ಲಲಿಲ್ಲ. ರಬ್ಬರ್ ಪ್ಲಗ್ ತುರುಕಿದೆವು, ಅದೂ ಹೊರಬಂತು. ಕೊನೆಗೆ ಟ್ಯೂಬ್ ಹಾಕುವುದು ಅಂತ ಆಯಿತು. ಕೊಯ್ದ ಜಾಗದಲ್ಲಿ ಟ್ಯೂಬ್ ಹೊರಗೆ ಉಬ್ಬದಂತೆ ಒಳಗಡೆ ಏನಾದರೂ ಗಟ್ಟಿಯಾದದ್ದು ಒತ್ತಿಡಬೇಕು. ತಮ್ಮ ಜೇಬಿನಿಂದ ಶೇಂಗಾ ಚಿಕ್ಕಿಯ ಕವರ್ ತೆಗೆದು ನಾಲ್ಕು ಮಡಿಕೆ ಮಾಡಿದ. ಅದೇ ಕೂತಿತು. ನಲವತ್ತು ನಿಮಿಷ ಹೋಯಿತು. ತಿರುಗುವ ಹೊತ್ತು ಅಂತ ಬರೆದ ಗಂಟೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಹಿಂದಕ್ಕೆ ಹೋಗುವ ದಾರಿಯೇ ಇಲ್ಲ. ಅದಕ್ಕೇ ಈ ದಿನಕ್ಕೆ ಎರಡು ಗಂಟೆ ಜಾಸ್ತಿ ಇಟ್ಟಿದ್ದೆ, ಬ್ಯಾಗಿನಲ್ಲಿ ಹೆಡ್‌ಲ್ಯಾಂಪ್ ಇತ್ತು.

ಕೊನೆಯ ಕೆಲವು ಕಿ.ಮೀ. ನದಿಯ ಮೇಲಿನ ಗೋಡೆಯ ಕಿರಿದಾದ ಅಂಚು. ಸೈಕಲ್ ಕಲೆ ತೋರಿಸುವ ಜಾಗ ಅಲ್ಲ ಅದು. ಹ್ಯಾಂಡಲ್ ಬಂಡೆಗೆ ತಾಗಿದರೆ ಹೊರಗಡೆಗೆ ತಳ್ಳುತ್ತದೆ. ಮೂರು ಕಡೆ ಇಳಿದು ತಳ್ಳಿಕೊಂಡು ಹೋದೆವು, ಸೈಕಲ್ ಪ್ರಪಾತದ ಕಡೆ, ನಾವು ಗೋಡೆಯ ಕಡೆ. ಬಿಸಿಲು ಕಣಿವೆಯ ಮೇಲಂಚಿಗೆ ಏರಿದ ಹೊತ್ತಿಗೆ 128ನೇ ರಸ್ತೆಗೆ ಬಂದು ಮುಟ್ಟಿದೆವು. ತಮ್ಮ ಹಿಂದಿನ ಟೈರನ್ನು ಒತ್ತಿ ನೋಡಿದ. ಗಾಳಿ ಹಾಗೇ ಇತ್ತು.

ನದಿಯ ಪಕ್ಕದ ದಾರಿಯಲ್ಲಿ ನಿಧಾನವಾಗಿ ಊರಿಗೆ ಬಂದೆವು. ರೂಮಿನ ಹೊರಗೆ ಮೆಟ್ಟಿಲ ಮೇಲೆ ಕೂತು ಪ್ಯಾಡ್ ಬಿಚ್ಚುವಾಗ ಏಳು ಗಂಟೆ. ಊರಲ್ಲಿ ಬೆಳಗಿನ ಆರೂವರೆ. ಅಮ್ಮ ಎದ್ದಿರುತ್ತಾಳೆ ಅಂತ ತಮ್ಮ ವಿಡಿಯೊ ಕಾಲ್ ಮಾಡಿದ. ಅಮ್ಮ ಕನ್ನಡಕ ಇಲ್ಲದೆ ಫೋನ್ ಹತ್ತಿರ ಹಿಡಿದುಕೊಂಡಳು. ತಮ್ಮ ತನ್ನ ಕಾಲು ತೋರಿಸಿದ, ಪಾದದಿಂದ ಮೊಣಕಾಲಿನವರೆಗೆ ಕೆಂಪು ಧೂಳು. ಅಮ್ಮ ನೋಡಿದಳು.

"ಮತ್ತ ಗುಡ್ಡಕ್ಕ ಹೋಗಿದ್ದೇನು? ಕಾಲ್ ತೊಳಕೊಂಡು ಒಳಗ ಹೋಗ್ರಿ ಇಬ್ರೂ."